ಮುಷ್ಟಿಯ ಹನಿ, ಗಡಗಡೆಯ ಸದ್ದು

ಆ ಮನೆಯಲ್ಲಿ ಊಟಕ್ಕೆ ಕೂತಾಗ ಒಂದು ಮಾತನ್ನು ಎತ್ತುವಂತಿರಲಿಲ್ಲ. ಅದು ಮಾವನ ಕಟ್ಟಪ್ಪಣೆ. ರಾಜಕೀಯ ಮಾತಾಡಬಹುದು, ಪಕ್ಕದ ಮನೆಯವರನ್ನು ಆಡಿಕೊಳ್ಳಬಹುದು, ಬೇಕಾದರೆ ಮಾವನ ಅಡುಗೆಗೆ ಉಪ್ಪು ಸಾಲದೆಂದು ಮೂಗು ಮುರಿಯಬಹುದು; ಕೂಸುಗಳ ಹೇಲಿನ ಸುದ್ದಿ ಮಾತ್ರ ಕೂಡದು. ಬೇರೆ ಮನೆಗಳಲ್ಲಿ ಇಂಥ ಕಾನೂನು ಬೇಕಾಗುವುದಿಲ್ಲ. ಇಲ್ಲಿ ಬೇಕಾಗಿತ್ತು, ಏಕೆಂದರೆ ಅತ್ತೆ ಸೊಸೆ ಇಬ್ಬರಿಗೂ ಅದೇ ಕಸುಬು.

ಇಬ್ಬರೂ ಮಕ್ಕಳ ಆಸ್ಪತ್ರೆಯ ಒಂದೇ ಪ್ರಯೋಗಾಲಯದಲ್ಲಿದ್ದರು. ಅಲ್ಲಿ ಅತ್ತೆ ದೊಡ್ಡ ಮೇಡಂ, ಸೊಸೆ ಚಿಕ್ಕ ಮೇಡಂ. ಸೊಸೆ ಮೊದಲು ಕೆಲಸಕ್ಕೆ ಸೇರಿದ್ದು, ಆಮೇಲೆ ಮನೆಗೆ ಸೇರಿದ್ದು. “ಚುರುಕಾಗಿದ್ದಾಳೆ ಅಂತ ನಾನೇ ಆರಿಸಿ ತಂದೆ, ಈಗ ನನ್ನ ತಲೆ ಮೇಲೇ ಕೂತಿದ್ದಾಳೆ” ಎಂದು ಅತ್ತೆ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಹೇಳುವ ದನಿಯಲ್ಲಿ ಅರ್ಧ ದೂರು, ಅರ್ಧ ಹೆಮ್ಮೆ.

ಅತ್ತೆಯದು ಹಳೆಯ ವಿಧಾನ. ಕೂಸಿನ ಡಯಪರಿನಿಂದ ಕಡಲೆಕಾಳಿನಷ್ಟು ಮಲ ತೆಗೆದು, ನೀರಿನಲ್ಲಿ ಕದಡಿ, ಪೋಷಕಾಂಶ ತುಂಬಿದ ಗಾಜಿನ ತಟ್ಟೆಯ ಮೇಲೆ ಹರಡುವುದು. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಕಂಡರೆ ಆಗದು. ಆದ್ದರಿಂದ ಇದೆಲ್ಲ ಆಮ್ಲಜನಕವನ್ನು ಹೊರಹಾಕಿದ ದೊಡ್ಡ ಪೆಟ್ಟಿಗೆಯೊಳಗೇ ನಡೆಯಬೇಕು. ಪೆಟ್ಟಿಗೆಗೆ ಅಂಟಿಸಿದ ಉದ್ದನೆಯ ರಬ್ಬರ್ ಕೈಗವಸುಗಳಲ್ಲಿ ಕೈ ತೂರಿಸಿ, ಗಾಜಿಗೆ ಮೂಗು ಒತ್ತಿ ಅತ್ತೆ ಕೆಲಸ ಮಾಡುತ್ತಿದ್ದರು. ಎರಡು ಮೂರು ದಿನ ಬೆಚ್ಚಗಿಟ್ಟರೆ ತಟ್ಟೆಯ ಮೇಲೆ ಬಿಳಿಯ ಚುಕ್ಕೆಗಳು ಏಳುತ್ತವೆ. ಬದುಕಿದ್ದ ಒಂದೊಂದು ಬ್ಯಾಕ್ಟೀರಿಯಾ ಬೆಳೆದು ಒಂದೊಂದು ಚುಕ್ಕೆ.

ಸೊಸೆಗೆ ಅಷ್ಟೆಲ್ಲ ಕಾಯುವ ತಾಳ್ಮೆಯಿರಲಿಲ್ಲ. ಅವಳದು ಪಿಸಿಆರ್ ಯಂತ್ರ. ಮಲದಲ್ಲಿರುವ ಬ್ಯಾಕ್ಟೀರಿಯಾಗಳನ್ನು ಒಡೆದು, ಒಳಗಿನ ಡಿಎನ್‌ಎ ಹೊರತೆಗೆದು ಯಂತ್ರಕ್ಕೆ ಕೊಟ್ಟರೆ, ಊಟ ಮುಗಿಸಿ ಬರುವಷ್ಟರಲ್ಲಿ ಪರದೆಯ ಮೇಲೆ ಗೆರೆ ಎದ್ದು ಎಷ್ಟಿವೆ ಎಂದು ಹೇಳುತ್ತದೆ.

“ನಿಮ್ಮ ತಟ್ಟೆ ಬೆಳೆಯೋಷ್ಟರಲ್ಲಿ ಕೂಸು ಸ್ಕೂಲಿಗೆ ಸೇರಿರುತ್ತೆ, ಅತ್ತೆ” ಎಂದು ಅವಳು ಛೇಡಿಸುವಳು.

“ಸೇರ್ಲಿ ಬಿಡು. ನಿನ್ನ ಯಂತ್ರಕ್ಕೆ ಸತ್ತಿದ್ದು ಬದುಕಿದ್ದು ಎಲ್ಲ ಒಂದೇ. ಸ್ಮಶಾನದಲ್ಲಿ ಜನಗಣತಿ ಮಾಡೋ ಯಂತ್ರ ಅದು” ಎಂದು ಅತ್ತೆ ತಿರುಗಿಸಿ ಕೊಡುವರು.

ಇದು ದಿನನಿತ್ಯದ ಪಾಠ. ಇದರಲ್ಲಿ ವಿಷವಿರಲಿಲ್ಲ. ವಿಷ ಹತ್ತಿಕೊಂಡದ್ದು ಹನಿಯ ವಿಚಾರ ಬಂದಾಗ.

ಪ್ರಯೋಗಾಲಯದ ಗೋಡೆಯಾಚೆಗೇ ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ವಾರ್ಡು. ಅಂಥ ಕೂಸುಗಳ ಕರುಳು ಬಹಳ ನಾಜೂಕು. ಕೆಟ್ಟ ಬ್ಯಾಕ್ಟೀರಿಯಾಗಳು ಮೊದಲು ಬಂದು ಠಿಕಾಣಿ ಹೂಡಿದರೆ ಜೀವಕ್ಕೇ ಸಂಚಕಾರ. ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಹನಿಯ ರೂಪದಲ್ಲಿ ಹಾಲಿಗೆ ಬೆರೆಸಿ ಕೊಟ್ಟರೆ ಅವೇ ಮೊದಲು ನೆಲೆಯೂರಿ ಕರುಳನ್ನು ಕಾಯಬಹುದೆಂದು ವಾರ್ಡಿನ ಡಾಕ್ಟರು ಕೆಲವು ಕೂಸುಗಳಿಗೆ ಕೊಡಲು ಶುರು ಮಾಡಿದ್ದರು. ಹನಿ ನಿಜವಾಗಿ ನೆಲೆಯೂರಿತೇ ಎಂದು ನೋಡಿ ಹೇಳುವುದು ಅತ್ತೆ ಸೊಸೆಯರ ಕೆಲಸ. ಒಂದು ಡಯಪರು, ಎರಡು ಪಾಲು. ಒಂದು ಪಾಲು ತಟ್ಟೆಗೆ, ಇನ್ನೊಂದು ಯಂತ್ರಕ್ಕೆ.

ಡಾಕ್ಟರು ಮಿತಭಾಷಿ. ಒಂದು ಸೋಮವಾರ ಬೆಳಿಗ್ಗೆ ಬಂದವರು ಕೂರಲೂ ಇಲ್ಲ.

“ದೊಡ್ಡ ಮೇಡಂ, ನಿಮ್ಮ ತಟ್ಟೆ ತುಂಬ ಒಳ್ಳೆ ಬ್ಯಾಕ್ಟೀರಿಯಾ. ಚಿಕ್ಕ ಮೇಡಂ, ನಿಮ್ಮ ಯಂತ್ರದಲ್ಲಿ ಅವುಗಳ ಸುಳಿವೇ ಇಲ್ಲ. ಅದೇ ಮಕ್ಕಳು, ಅದೇ ಡಯಪರು. ನಾನು ಯಾರನ್ನ ನಂಬ್ಲಿ?”

ಇಬ್ಬರೂ ಒಟ್ಟಿಗೇ “ನನ್ನನ್ನ” ಎಂದರು.

ಡಾಕ್ಟರು ನಗಲಿಲ್ಲ. “ವಾರದ ಕೊನೆಗೆ ಆಸ್ಪತ್ರೆ ಮುಖ್ಯಸ್ಥರ ಜೊತೆ ಸಭೆ ಇದೆ. ಒಳಗೆ ನಿಲ್ಲದೇ ಇರೋ ಹನೀನ ಅಷ್ಟು ಚಿಕ್ಕ ಮಕ್ಕಳಿಗೆ ಕೊಡೋಕೆ ಅವರೂ ಒಪ್ಪಲ್ಲ, ನಾನೂ ಒಪ್ಪಲ್ಲ. ನಿಲ್ಲಿಸಿಬಿಡ್ತೀವಿ. ಅಲ್ಲೀವರೆಗೆ ಹೊಸ ಮಕ್ಕಳಿಗೂ ಇಲ್ಲ. ಮುಷ್ಟಿಗೂ ಇಲ್ಲ.”

ಮುಷ್ಟಿ ಎಂದರೆ ವಾರ್ಡಿನಲ್ಲೇ ಅತ್ಯಂತ ಚಿಕ್ಕ ಕೂಸು. ಹುಟ್ಟಿದಾಗ ಅದರ ತಲೆ ನರ್ಸಮ್ಮನ ಮುಷ್ಟಿಯಷ್ಟಿತ್ತು, ಅದೇ ಹೆಸರು ನಿಂತುಬಿಟ್ಟಿತು. ಕಿಟಕಿಯ ಗಾಜಿನಿಂದ ನೋಡಿದರೆ ಗಾಜಿನ ತೊಟ್ಟಿಲಲ್ಲಿ ಒಂದು ಕೆಂಪು ಹಿಮ್ಮಡಿ ಮಾತ್ರ ಕಾಣುತ್ತಿತ್ತು. ಅದರ ತಾಯಿ ದಿನವೂ ಆ ತೊಟ್ಟಿಲಿನ ಪಕ್ಕ ಸ್ಟೂಲಿನ ಮೇಲೆ ಕೂತಿರುತ್ತಿದ್ದಳು. ಮುಷ್ಟಿಗೆ ಹಾಲು ಕೊಡಲು ಶುರು ಮಾಡುವುದು ಈ ವಾರವೇ. ಹನಿ ಕೊಡುವುದಾದರೆ ಈಗಲೇ ಕೊಡಬೇಕು. ತಡವಾದರೆ ಬೇರೆಯವರು ಬಂದು ಜಾಗ ಹಿಡಿದಿರುತ್ತಾರೆ.

ಡಾಕ್ಟರು ಆಚೆ ಹೋಗಿದ್ದೇ ತಡ, ಸೊಸೆ ಬಾಯಿ ಬಿಟ್ಟಳು. “ಅತ್ತೆ, ತಪ್ಪು ತಿಳ್ಕೋಬೇಡಿ. ನಿಮ್ಮ ತಟ್ಟೇಲಿ ಬೆಳೀತಿರೋದು ಬೇರೆ ಏನೋ. ಬಿಳಿ ಚುಕ್ಕೆ ಎಲ್ಲ ಒಳ್ಳೇದೇ ಅಂತ ಹೇಗೆ ಹೇಳ್ತೀರಿ?”

ಅತ್ತೆಯ ಕೈಯಲ್ಲಿ ಆಗಷ್ಟೇ ವಾರ್ಡಿನಿಂದ ಬಂದ ಮಾದರಿಯ ಕೊಳವೆಯಿತ್ತು. ಮುಚ್ಚಳ ಸಡಿಲಿಸಿದ್ದ ಕೊಳವೆಯನ್ನು ಹಾಗೇ ಮೇಜಿನ ಮೇಲಿಟ್ಟರು. “ಚುಕ್ಕೆ ನೋಡಿ ಹೇಳೋಕೆ ನಾನೇನು ಜ್ಯೋತಿಷ್ಯ ಹೇಳ್ತೀನಾ? ಬಾ ಇಲ್ಲಿ!”

ಅತ್ತೆಗೆ ಕೋಪ ಮೂಗಿನ ತುದಿಯಲ್ಲೇ. ಸೊಸೆಯ ಭುಜ ಹಿಡಿದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ತಟ್ಟೆಯಿಂದ ಒಂದು ಚುಕ್ಕೆ ತೆಗೆದು ಬಣ್ಣ ಹಚ್ಚಿ ತೋರಿಸಿದರು. ಮರದ ಕವಲುಕಡ್ಡಿಯಂಥ ಆಕಾರಗಳು ಕಣ್ಣ ತುಂಬ ಕಂಡವು. ಒಳ್ಳೆಯ ಬ್ಯಾಕ್ಟೀರಿಯಾ ಇರುವುದೇ ಹಾಗೆ. ಸೊಸೆಗೆ ಒಳಗೊಳಗೇ ಇರುಸುಮುರುಸಾಯಿತು, ಆದರೆ ಹಿಡಿದ ಪಟ್ಟು ಬಿಡಲಿಲ್ಲ.

“ಇದೊಂದು ಚುಕ್ಕೆ ಸರಿ. ಮಿಕ್ಕಿದ್ದು?”

“ಮಿಕ್ಕಿದ್ದಕ್ಕೆ ನಿನ್ನ ಗಂಡನನ್ನ ಕರ್ಕೊಂಡು ಬಾ, ಸಾಕ್ಷಿ ಹೇಳ್ತಾನೆ!”

ಹೀಗೆ ಮಾತಿಗೆ ಮಾತು ಬೆಳೆಯಿತು. ಆ ರಾತ್ರಿ ಮನೆಯಲ್ಲಿ ಮಾವನ ಕಾನೂನು ಯಾರೂ ಮುರಿಯಲಿಲ್ಲ, ಏಕೆಂದರೆ ಯಾರೂ ಸೊಲ್ಲೇ ಎತ್ತಲಿಲ್ಲ. ಮಗರಾಯ ಬಾಯಿ ಬಿಟ್ಟರೆ ಯಾವ ಕಡೆಯಿಂದ ಏಟು ಬೀಳುತ್ತದೋ ಎಂದು ತಟ್ಟೆಯಲ್ಲೇ ಕಣ್ಣಿಟ್ಟು ಉಂಡು ಎದ್ದ.

ಮೂರು ದಿನ ಕಳೆದ ಮೇಲೆ ಸೊಸೆಯೇ ಒಂದು ಪರೀಕ್ಷೆ ಹೂಡಿದಳು. ಅತ್ತೆಯ ಬಳಿ ಶುದ್ಧವಾಗಿ ಬೆಳೆಸಿದ ಒಳ್ಳೆಯ ಬ್ಯಾಕ್ಟೀರಿಯಾ ಇತ್ತು. ಒಂದು ಹನಿಯಲ್ಲಿ ಎಷ್ಟಿವೆಯೆಂದು ಮೊದಲೇ ಗೊತ್ತಿರುವಂಥದ್ದು. ಹನಿ ಕುಡಿಯದ ಕೂಸಿನ, ಬಿಸಿಯಲ್ಲಿ ಬೇಯಿಸಿ ಎಲ್ಲವನ್ನೂ ಕೊಂದ ಮಲದಲ್ಲಿ ಅದನ್ನು ಬೆರೆಸುವುದು. ಅರ್ಧ ತಟ್ಟೆಗೆ, ಅರ್ಧ ಯಂತ್ರಕ್ಕೆ. ಬೆರೆಸಿದ್ದು ಎಷ್ಟೆಂದು ಗೊತ್ತಿರುವಾಗ, ಯಾರ ಲೆಕ್ಕ ತಪ್ಪಿದರೂ ಅಲ್ಲೇ ಬಯಲಾಗುತ್ತದೆ.

“ನಿನ್ನ ಹಳ್ಳ ನೀನೇ ತೋಡ್ಕೊಳ್ತಿದ್ದೀಯ” ಎಂದರು ಅತ್ತೆ, ಆದರೆ ಬ್ಯಾಕ್ಟೀರಿಯಾ ಕೊಟ್ಟರು.

ಸೊಸೆಗೆ ಗೆಲುವು ತನ್ನದೇ ಎಂದು ಎಳ್ಳಷ್ಟೂ ಸಂಶಯವಿರಲಿಲ್ಲ. ಕೊಳವೆಗಳನ್ನು ಯಂತ್ರಕ್ಕೆ ಹಾಕಿ, ಕೈ ಕಟ್ಟಿ, ಪರದೆಯ ಮುಂದೆ ರಾಣಿಯ ಹಾಗೆ ಕೂತಳು. ಗೆರೆ ಏಳಬೇಕಾದ ಹೊತ್ತಿಗೆ ಏಳಲಿಲ್ಲ. ಇನ್ನಷ್ಟು ಕಾದಳು. ಕೊನೆಗೆ ಒಲ್ಲದ ಮನಸ್ಸಿನಿಂದ ಎಂಬಂತೆ ಚೂರು ತಲೆಯೆತ್ತಿತು. ಯಂತ್ರ ಹೇಳುತ್ತಿತ್ತು: ಇಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ.

ಇತ್ತು. ಅವಳೇ ಕೈಯಾರೆ ಹಾಕಿದ್ದಳು.

ಇಷ್ಟು ದಿನ ‘ನೆಲೆಯೂರಿಲ್ಲ, ನೆಲೆಯೂರಿಲ್ಲ’ ಎಂದು ಡಾಕ್ಟರಿಗೆ ಹೇಳುತ್ತ ಬಂದದ್ದು ಇದೇ ಯಂತ್ರದ ಬಾಯಿಂದ. ತನ್ನ ಮಾತು ನಂಬಿ ಇನ್ನೆರಡು ದಿನದಲ್ಲಿ ಹನಿ ಕೊಡುವುದೇ ನಿಲ್ಲುತ್ತದೆ. ಸ್ಟೂಲಿನ ಮೇಲೆ ಕೂತಿರುವ ಆ ತಾಯಿಯ ಮುಖ ಕಣ್ಣ ಮುಂದೆ ಬಂದು, ಸೊಸೆಗೆ ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು.

ಯಂತ್ರ ಕೆಟ್ಟಿದೆಯೇ? ಶುದ್ಧ ಡಿಎನ್‌ಎಯನ್ನೇ ನೇರ ಹಾಕಿ ನೋಡಿದಳು. ಗೆರೆ ನೆಟ್ಟಗೆ ಎದ್ದಿತು. ಯಂತ್ರ ಸರಿಯಿದೆ. ಅಂದರೆ ಡಿಎನ್‌ಎ ಯಂತ್ರದವರೆಗೆ ಬರುತ್ತಲೇ ಇಲ್ಲ. ಎಲ್ಲೋ ದಾರಿಯಲ್ಲಿ ಉಳಿಯುತ್ತಿದೆ. ಎಲ್ಲಿ?

ಕುರ್ಚಿಯಲ್ಲಿ ತಲೆ ಹಿಡಿದು ಕೂತಳು. ಕೋಣೆ ಬಹಳ ಶಾಂತವಾಗಿತ್ತು. ಗೋಡೆಯಾಚೆ ಒಂದು ಕೂಸು ಕುಂಯ್‌ಗುಟ್ಟಿದ್ದೂ ಕೇಳುವಷ್ಟು ಶಾಂತ. ಆ ಶಾಂತಿಯೇ ಅವಳಿಗೆ ತಟ್ಟನೆ ಉತ್ತರ ಹೇಳಿತು.

“ಗಡಗಡೆ!” ಎಂದಳು ಗಟ್ಟಿಯಾಗಿ.

ಗಡಗಡೆ ಎಂದರೆ ಮೊದಲು ಅವಳ ಮೇಜಿನ ಮೇಲಿದ್ದ ಅಲುಗಾಡಿಸುವ ಯಂತ್ರ. ಕೊಳವೆಯೊಳಗೆ ಸಾಸಿವೆಗಿಂತ ಸಣ್ಣ ಗಾಜಿನ ಮಣಿಗಳನ್ನು ಹಾಕಿ, ಮಾದರಿ ಸೇರಿಸಿ, ಅದರಲ್ಲಿ ಸಿಕ್ಕಿಸಿದರೆ ಭೂಕಂಪದ ಹಾಗೆ ಕುಲುಕುತ್ತದೆ. ಮಣಿಗಳ ಹೊಡೆತಕ್ಕೆ ಎಂಥ ಬ್ಯಾಕ್ಟೀರಿಯಾ ಆದರೂ ಒಡೆದು ಹೋಗುತ್ತದೆ. ಸದ್ದು ಮಾತ್ರ ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಮೆಟ್ಟಿಲ ಮೇಲೆ ಉರುಳಿಸಿದ ಹಾಗೆ. ವಾರ್ಡಿನ ನರ್ಸಮ್ಮ ಒಂದು ದಿನ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದರು. “ಚಿಕ್ಕ ಮೇಡಂ, ನಿಮಗೆ ಪುಣ್ಯ ಬರುತ್ತೆ. ನಾವು ಲಾಲಿ ಹಾಡಿ ಮಲಗಿಸ್ತೀವಿ, ನೀವು ಗಡಗಡ ಅನ್ನಿಸಿ ಎಬ್ಬಿಸ್ತೀರಿ. ಅವು ಮಲಗಿದ್ರೇನೇ ತೂಕ ಬರೋದು.”

ಸೊಸೆಯ ಕರುಳು ಚುರುಕ್ ಎಂದಿತ್ತು. ಗಡಗಡೆಯನ್ನು ಬಟ್ಟೆ ಮುಚ್ಚಿ ಮೂಲೆಗಿಟ್ಟು, ಬರೀ ದ್ರಾವಣ ಹಾಕಿ ಬೆಚ್ಚಗಿಟ್ಟು ಬ್ಯಾಕ್ಟೀರಿಯಾ ಒಡೆಯುವ ಸದ್ದಿಲ್ಲದ ವಿಧಾನ ಹಿಡಿದಿದ್ದಳು. ಕಣ್ಣು ಮುಚ್ಚಿಕೊಂಡೇನೂ ಬದಲಾಯಿಸಿರಲಿಲ್ಲ, ಪರೀಕ್ಷೆ ಮಾಡಿದ್ದಳು. ಆದರೆ ಪರೀಕ್ಷೆಗೆ ಬಳಸಿದ್ದು ಭೇದಿ ತರುವ ಕೆಟ್ಟ ಬ್ಯಾಕ್ಟೀರಿಯಾ. ಆ ಕೇಡಿಗಳ ಮೈಗೋಡೆ ತೆಳು, ದ್ರಾವಣ ತಾಗಿದ್ದೇ ಒಡೆದು ಬಂದವು. ಒಳ್ಳೆಯವುಗಳ ಮೈಗೋಡೆ ದಪ್ಪ. ಅವು ದ್ರಾವಣದಲ್ಲಿ ಹಾಯಾಗಿ ಸ್ನಾನ ಮಾಡಿ, ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದವು. ಕೂಸುಗಳ ನಿದ್ದೆ ಕೆಡಬಾರದೆಂದು ಮಾಡಿದ ಉಪಕಾರವೇ ಆ ಕೂಸುಗಳ ಹನಿಗೆ ಕುತ್ತಾಗಿತ್ತು.

ಇನ್ನು ಇದನ್ನು ಅತ್ತೆಗೆ ಹೇಳಬೇಕು. ಪೆಟ್ಟಿಗೆಯ ಬಳಿ ಹೋಗಿ ನಿಂತಳು. ಅತ್ತೆ ಕೈಗವಸಿನೊಳಗೆ ಕೈಯಿಟ್ಟುಕೊಂಡೇ ಕತ್ತು ಹೊರಳಿಸಿದರು.

“ಅತ್ತೆ, ನಾನು ಸೋತೆ. ಯಂತ್ರ ಅಲ್ಲ, ನಾನು. ಗಡಗಡೆ ನಿಲ್ಲಿಸಿದೆನಲ್ಲ, ಅವತ್ತಿಂದ ಒಳ್ಳೇವು ಒಡೀತಾನೇ ಇಲ್ಲ.”

ಅತ್ತೆ ಆಡಿಕೊಳ್ಳುತ್ತಾರೆ, ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ ಎಂದು ಅವಳು ಹಲ್ಲು ಕಚ್ಚಿ ನಿಂತಿದ್ದಳು. ಅತ್ತೆ ಕೈಗಳನ್ನು ಪಚಕ್ಕನೆ ಹೊರಗೆಳೆದುಕೊಂಡರು. ಮುಖದ ತುಂಬ ಬೆಳಕು.

“ಅಂದ್ರೆ ಹನಿ ಮಕ್ಕಳೊಳಗೆ ನಿಂತಿದೆ! ನಿಂತಿದೆ ತಾನೆ? ಅಯ್ಯೋ ಹುಚ್ಚೀ, ಅಳೋ ಮುಖ ಯಾಕೆ ಮಾಡ್ಕೊಂಡಿದ್ದೀಯ? ಎಲ್ಲಿ ಆ ಗಡಗಡೆ?”

“ಇದೆ. ಆದ್ರೆ ಇಲ್ಲಿ ಓಡಿಸೋ ಹಾಗಿಲ್ಲ. ನರ್ಸಮ್ಮ ನನ್ನ ಚರ್ಮ ಸುಲೀತಾರೆ.”

ಅತ್ತೆ ತಳ್ಳುಗಾಡಿ ಎಳೆದುಕೊಂಡರು. “ಇಡೀ ಆಸ್ಪತ್ರೇಲಿ ಯಾರೂ ಮಲಗದೇ ಇರೋ ಜಾಗ ಒಂದಿದೆ, ನಡಿ.”

ಗಡಗಡೆಯನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಇಬ್ಬರೂ ನೆಲಮಾಳಿಗೆಯ ಲಾಂಡ್ರಿಗೆ ಇಳಿದರು. ದೊಡ್ಡ ದೊಡ್ಡ ಒಗೆಯುವ ಯಂತ್ರಗಳು ಢಮಢಮ ಎನ್ನುತ್ತಿದ್ದವು. ಲಾಂಡ್ರಿಯ ಮೇಸ್ತ್ರಿಗೆ ಅಲ್ಲಿ ಕೆಲಸ ಮಾಡಿ ಮಾಡಿ ಎಲ್ಲರೊಡನೆಯೂ ಕಿರುಚಿ ಮಾತಾಡುವುದೇ ಅಭ್ಯಾಸವಾಗಿತ್ತು.

“ಏನು ಮೇಡಂ ಇದು? ಮಿಕ್ಸಿಯಾ?” ಎಂದು ಕಿರುಚಿದ.

“ಹೂಂ, ಚಟ್ನಿ ಮಾತ್ರ ಕೇಳ್ಬೇಡಿ!” ಎಂದು ಅತ್ತೆಯೂ ಕಿರುಚಿದರು.

ಒಗೆದ ಬಟ್ಟೆಗಳಿಂದ ದೂರ, ಬಳಸದೆ ಬಿಟ್ಟ ಇಸ್ತ್ರಿ ಕೋಣೆಯಲ್ಲಿ ಗಡಗಡೆಗೆ ಜಾಗವಾಯಿತು. ಫ್ರೀಜರಿನಲ್ಲಿ ಕಾದಿಟ್ಟಿದ್ದ ಹಳೆಯ ಮಾದರಿಗಳನ್ನೆಲ್ಲ ಸೊಸೆ ಗಾಜಿನ ಮಣಿಗಳೊಂದಿಗೆ ಕೊಳವೆಗೆ ತುಂಬಿ, ಮುಚ್ಚಳ ಬಿಗಿದು, ಗುಂಡಿ ಒತ್ತಿದಳು. ಗಡಗಡಗಡ ಎಂದು ಇಸ್ತ್ರಿ ಮೇಜೇ ಕುಣಿಯಿತು. ಬಹಳ ದಿನದ ಮೇಲೆ ಆ ಸದ್ದು ಕೇಳಿ ಅವಳಿಗೆ ತವರಿನವರು ಬಂದಷ್ಟು ಸಂತೋಷವಾಯಿತು.

ಮೇಲೆ ಬಂದು ಯಂತ್ರಕ್ಕೆ ಹಾಕಿದರು. ಈ ಸಲ ಅವಳು ರಾಣಿಯ ಹಾಗೆ ಕೂರಲಿಲ್ಲ; ನಿಂತೇ ಇದ್ದಳು. ಅತ್ತೆ ಪಕ್ಕದಲ್ಲಿ, ಸೊಸೆಯ ತೋಳು ಹಿಡಿದು. ಮೊದಲ ಗೆರೆ ಎದ್ದಿತು. ಎರಡನೆಯದು. ಆಮೇಲೆ ಸಾಲುಸಾಲಾಗಿ ಒಂದರ ಹಿಂದೊಂದು ಪರದೆಯ ಮೇಲಕ್ಕೆ ಹತ್ತತೊಡಗಿದವು. ಅತ್ತೆಯ ತಟ್ಟೆಯ ಲೆಕ್ಕಕ್ಕೆ ಇವು ಸರಿಸಮ ಬಂದವು; ಕೆಲವು ಕಡೆ ಇನ್ನೂ ಹೆಚ್ಚು.

“ಹೆಚ್ಚು ಯಾಕೆ ಬಂತು?” ಎಂದು ಅತ್ತೆ ಹುಬ್ಬು ಗಂಟಿಕ್ಕಿದರು.

“ಸ್ಮಶಾನದವರನ್ನೂ ಸೇರಿಸಿದೀನಲ್ಲ, ಅತ್ತೆ.”

ಅತ್ತೆ ನಕ್ಕು ಅವಳ ಬೆನ್ನಿಗೊಂದು ಗುದ್ದು ಕೊಟ್ಟರು. ಆದರೆ ಕೊನೆಯ ಗೆರೆ ಬಂದಾಗ ನಗು ಅಲ್ಲೇ ನಿಂತಿತು. ಅದು ಜಗಳದ ದಿನ ಬಂದ ಮಾದರಿ. ಯಂತ್ರದಲ್ಲಿ ಗೆರೆ ಎತ್ತರಕ್ಕೆ ಏರಿತ್ತು. ಅತ್ತೆಯ ತಟ್ಟೆ ಖಾಲಿ. ಒಂದು ಚುಕ್ಕೆಯೂ ಎದ್ದಿರಲಿಲ್ಲ.

ಅತ್ತೆ ತಮ್ಮ ಮೇಜಿನತ್ತ ನೋಡಿದರು. ಅವತ್ತು ಮುಚ್ಚಳ ಸಡಿಲಿಸಿದ ಕೊಳವೆಯನ್ನು ಅಲ್ಲಿಟ್ಟು, ಸೊಸೆಯ ಜೊತೆ ಜಗಳಕ್ಕೆ ನಿಂತಿದ್ದರು. ಜಗಳ ಮುಗಿದ ಮೇಲೇ ಅದು ಪೆಟ್ಟಿಗೆಯೊಳಗೆ ಹೋದದ್ದು.

“ಗಾಳಿ ತಗುಲಿ ಎಲ್ಲ ಸತ್ತವು” ಎಂದರು ಮೆಲ್ಲಗೆ. “ನನ್ನ ಬಾಯಿಗಿಷ್ಟು ಬೆಂಕಿ ಹಾಕ. ಜಗಳ ಆಡಿ ಆಡಿ ಪಾಪದವನ್ನ ಕೊಂದೆ.”

“ಹಾಗಾದ್ರೆ ಸಮ ಆಯ್ತಾ?”

“ಸಮ ಎಲ್ಲಿ ಬಂತು? ನಿಂದು ತಿಂಗಳುಗಟ್ಟಲೆ, ನಂದು ಒಂದೇ ದಿನ” ಎಂದರು ಅತ್ತೆ. ಆಮೇಲೆ, “ಆದ್ರೂ ನಿನ್ನ ಯಂತ್ರ ಇಲ್ದಿದ್ರೆ ಆ ಮಗೂಗೆ ಹನಿ ಹತ್ತಿಲ್ಲ ಅಂತ ಕಣ್ಣು ಮುಚ್ಚಿ ಹೇಳಿಬಿಡ್ತಿದ್ದೆ” ಎಂದು ಸೇರಿಸಿದರು.

ಸಭೆಯಲ್ಲಿ ಸೊಸೆ ಮೊದಲು ಎದ್ದು ತನ್ನ ತಪ್ಪು ಹೇಳಿದಳು, ಅಡ್ಡ ಮಾತಿಲ್ಲದೆ. ಅವಳು ಕೂರುವ ಮೊದಲೇ ಅತ್ತೆ ಎದ್ದು ತಮ್ಮ ತಪ್ಪು ಹೇಳಿದರು. ಆಸ್ಪತ್ರೆಯ ಮುಖ್ಯಸ್ಥರಿಗೆ ಪಾಪ, ಒಬ್ಬರ ಮೇಲೊಬ್ಬರು ದೂರು ಹೇಳುವವರನ್ನು ಕಂಡು ಅಭ್ಯಾಸ. ತಮ್ಮ ಮೇಲೆ ತಾವೇ ಪೈಪೋಟಿಗೆ ಬಿದ್ದು ದೂರು ಹೇಳುವ ಅತ್ತೆ ಸೊಸೆಯರನ್ನು ಕಂಡು ಕಕ್ಕಾಬಿಕ್ಕಿಯಾದರು.

“ಕೊನೆಗೆ ಯಾವ ವಿಧಾನ ಇಟ್ಕೊಳ್ಳೋಣ?” ಎಂದು ಕೇಳಿದರು.

“ಎರಡೂ” ಎಂದರು ಇಬ್ಬರೂ ಒಟ್ಟಿಗೆ. “ಎಷ್ಟಿವೆ ಅಂತ ಅವಳು ಹೇಳ್ತಾಳೆ, ಎಷ್ಟು ಬದುಕಿವೆ ಅಂತ ನಾನು ಹೇಳ್ತೀನಿ” ಎಂದು ಅತ್ತೆ ಬಿಡಿಸಿ ಹೇಳಿದರು.

ಡಾಕ್ಟರು ಎರಡೂ ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ತಲೆಯೆತ್ತಿ ಒಂದೇ ಮಾತು ಹೇಳಿದರು: “ಮುಷ್ಟಿಗೆ ಇವತ್ತೇ ಶುರು ಮಾಡ್ತೀನಿ.”

ಹನಿ ಹಾಲಿನ ಜೊತೆ ಸಣ್ಣ ನಳಿಕೆಯಲ್ಲಿ ಇಳಿಯಿತು. ಇಳಿಯುವುದನ್ನು ತಾಯಿ ಸ್ಟೂಲಿನ ತುದಿಗೆ ಸರಿದು ನೋಡಿದಳು, ಗಾಜಿನಾಚೆ ಅತ್ತೆ ಸೊಸೆಯರೂ ನೋಡಿದರು. ಇನ್ನು ಕಾಯುವ ಕೆಲಸ. ಮುಷ್ಟಿ ಮಹಾಶಯನಿಗೆ ಯಾವ ಅವಸರವೂ ಇರಲಿಲ್ಲ. ಹಾಲು ಕುಡಿದ, ಮಲಗಿದ, ಆಕಳಿಸಿದ. ನೆಲೆಯೂರಿತೇ ಇಲ್ಲವೇ ಎಂದು ನೋಡಲು ವಾರ ಕಳೆಯಬೇಕು. ವಾರ ಕಳೆದು, ಡಯಪರು ಬಂತೇ ಎಂದು ಸೊಸೆ ದಾರಿಯಲ್ಲಿ ನರ್ಸಮ್ಮ ಸಿಕ್ಕಿದಾಗಲೆಲ್ಲ ಅವರ ಮುಖ ನೋಡುವಳು, ಅವರು ಇನ್ನೂ ಇಲ್ಲವೆಂದು ತಲೆಯಾಡಿಸುವರು.

ಕೊನೆಗೊಂದು ಮಧ್ಯಾಹ್ನ ನರ್ಸಮ್ಮ ಎರಡೂ ಕೈಯಲ್ಲಿ ಡಯಪರ್ ಹಿಡಿದು, ಬಹುಮಾನ ಗೆದ್ದವರ ಹಾಗೆ ಬಾಗಿಲಲ್ಲಿ ನಿಂತರು. “ತಗೊಳ್ಳಿ! ನಮ್ಮ ಹುಡುಗ ಕೆಲಸ ಮಾಡಿದಾನೆ!”

ಅರ್ಧ ಪಾಲು ತಕ್ಷಣ ಪೆಟ್ಟಿಗೆಯೊಳಗೆ ಹೋಯಿತು. ಈ ಸಲ ಅತ್ತೆ ದಾರಿಯಲ್ಲಿ ಯಾರೊಡನೆಯೂ ತುಟಿ ಬಿಚ್ಚಲಿಲ್ಲ. ಇನ್ನರ್ಧ ಲಾಂಡ್ರಿಗೆ ಇಳಿದು, ಗಡಗಡೆಯಲ್ಲಿ ಕುಣಿದು, ಮೇಲೆ ಬಂದು ಯಂತ್ರ ಸೇರಿತು. ಯಂತ್ರದ ಗೆರೆ ಅವತ್ತೇ ಎದ್ದಿತು, ನೆಟ್ಟಗೆ, ಯಾವ ಅಳುಕೂ ಇಲ್ಲದೆ. ಆದರೂ ಸೊಸೆ ಯಾರಿಗೂ ಹೇಳಲಿಲ್ಲ. ತಟ್ಟೆ ಬೆಳೆಯುವವರೆಗೆ ಬಾಯಿಗೆ ಬೀಗ ಹಾಕಿಕೊಂಡಳು. ತಾಳ್ಮೆಯಿಲ್ಲದ ಅವಳಿಗೆ ಅದು ಸಣ್ಣ ಶಿಕ್ಷೆಯಲ್ಲ. ತಟ್ಟೆ ತೆಗೆಯುವ ದಿನ ಅತ್ತೆ ಅದನ್ನು ಬೆಳಕಿಗೆ ಎತ್ತಿ ಹಿಡಿದರು. ಇಬ್ಬನಿ ಬಿದ್ದ ಹಾಗೆ ತಟ್ಟೆಯ ತುಂಬ ಬಿಳಿಯ ಚುಕ್ಕೆಗಳು.

ಇಬ್ಬರೂ ವಾರ್ಡಿಗೆ ಓಡಿದರು. ಬಾಗಿಲಲ್ಲೇ ನರ್ಸಮ್ಮ ತುಟಿಯ ಮೇಲೆ ಬೆರಳಿಟ್ಟರು: ಎಲ್ಲ ಮಲಗಿವೆ. ಸೊಸೆ ಮುಷ್ಟಿಯ ತಾಯಿಯ ಕಿವಿಯಲ್ಲಿ ಪಿಸುಗುಟ್ಟಿದಳು. ತಾಯಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು, ನಕ್ಕಳು. ಡಾಕ್ಟರು ಸದ್ದಿಲ್ಲದೆ ಎರಡೂ ಕೈ ಮೇಲೆತ್ತಿದರು. ನರ್ಸಮ್ಮ ತುದಿಗಾಲಲ್ಲಿ ಒಂದು ಸುತ್ತು ಕುಣಿದರು. ಅಷ್ಟು ದೊಡ್ಡ ಸಂತೋಷ ಅಷ್ಟು ಸಣ್ಣ ಕೋಣೆಯಲ್ಲಿ ಪಿಸುಮಾತಿನಲ್ಲೇ ಮುಗಿಯುವ ಹಾಗಿರಲಿಲ್ಲ.

“ಲಾಂಡ್ರಿ!” ಎಂದು ಅತ್ತೆ ಪಿಸುಗುಟ್ಟಿದರು.

ಎಲ್ಲರೂ ಧಡಧಡನೆ ಮೆಟ್ಟಿಲಿಳಿದರು. ವಾರ್ಡು ಬಿಟ್ಟು ಬರುವಂತಿಲ್ಲದ ನರ್ಸಮ್ಮ ಮಾತ್ರ “ನನ್ನ ಪಾಲಿಂದೂ ಕೂಗಿ” ಎಂದು ಸನ್ನೆ ಮಾಡಿ ಕಳಿಸಿದರು. ಢಮಢಮ ಎನ್ನುವ ಯಂತ್ರಗಳ ನಡುವೆ ನಿಂತು ಅತ್ತೆ, ಸೊಸೆ, ಡಾಕ್ಟರು, ಮುಷ್ಟಿಯ ತಾಯಿ ಗಂಟಲು ಹರಿಯುವ ಹಾಗೆ “ಹೋ!” ಎಂದು ಕೂಗಿದರು. ಏನಾಯಿತೆಂದು ತಿಳಿಯದಿದ್ದರೂ ಲಾಂಡ್ರಿಯ ಮೇಸ್ತ್ರಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ. ಮಿತಭಾಷಿ ಡಾಕ್ಟರಿಗೆ ಅಷ್ಟು ದೊಡ್ಡ ಗಂಟಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಅತ್ತೆ ಸೊಸೆ ಇಬ್ಬರ ದನಿಯೂ ಬಿದ್ದುಹೋಗಿತ್ತು. ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕನೆ ನಗುತ್ತಿದ್ದರು. ಮಗ ಅನುಮಾನದಿಂದ ಇಬ್ಬರನ್ನೂ ನೋಡಿದ. ಮಾವ ಬಡಿಸುವುದನ್ನು ನಿಲ್ಲಿಸಿ, ಸೌಟು ಕೆಳಗಿಟ್ಟು, ತಮ್ಮ ಕುರ್ಚಿ ಎಳೆದು ಕೂತರು.

“ಇವತ್ತು ಕಾನೂನಿಲ್ಲ. ಹೇಳಿ, ಆ ಹುಡುಗ ಏನು ಮಾಡಿದ?”

ಸೊಸೆ ಅತ್ತೆಯ ಕಡೆ ನೋಡಿದಳು. ಇಷ್ಟು ವರ್ಷ ಆ ಮನೆಯಲ್ಲಿ ಯಾವ ಸುದ್ದಿಯಾದರೂ ಮೊದಲು ಅತ್ತೆಯ ಬಾಯಿಂದಲೇ ಬರಬೇಕು.

“ನನ್ನ ಕೇಳ್ಬೇಡಿ” ಎಂದರು ಅತ್ತೆ, ಒಡೆದ ದನಿಯಲ್ಲಿ, ನೀರಿನ ಲೋಟವನ್ನು ಸೊಸೆಯ ಕಡೆ ಸರಿಸುತ್ತ. “ಅವಳನ್ನ ಕೇಳಿ. ಮೊದಲು ನೋಡಿದ್ದು ಅವಳು.”

ಸೊಸೆ ಒಂದು ಗುಟುಕು ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಡಯಪರಿನಿಂದಲೇ ಶುರು ಮಾಡಿದಳು.